ಅಡಿಕೆ ಎಲೆಚುಕ್ಕಿ ಎಣಿಕೆ: ಈ ತಿಂಗಳ ಪ್ರಶ್ನೋತ್ತರ

ಅಡ್ಮಿನ್: ಎಲೆಚುಕ್ಕಿ (ಅಡಿಕೆ ಎಲೆಯ ಶಿಲೀಂಧ್ರ ರೋಗ) ಎಲ್ಲೆಲ್ಲಿ ಇದೆ ಅಂತ ಮ್ಯಾಪ್ ಮಾಡೋಕೆ ತಮ್ಮ ತೋಟದಲ್ಲಿ ಎಣಿಕೆ ಮಾಡ್ತಿರೋರು ಪ್ರಶ್ನೆಗಳನ್ನ ಇದರ ಕೆಳಗೇ ಹಾಕಿ. ಸಸ್ಯರೋಗ ತಜ್ಞೆ ಮೇಡಂ ಉತ್ತರಿಸ್ತಾರೆ. ದಯವಿಟ್ಟು ಫಾರ್ವರ್ಡ್ ಬೇಡ.

ಸೋಗೆ: ನಮಸ್ತೆ ಮೇಡಂ. 600 ಮರ ಇದೆ. ಎಲ್ಲಾ ಎಣಿಸ್ಬೇಕಾ?

ತಜ್ಞೆ: ನಮಸ್ತೆ. ಬೇಡ, 20 ಮರ ಸಾಕು. ಆದರೆ ಯಾವ 20 ಅನ್ನೋದನ್ನ ಕಣ್ಣಿಗೆ ಬಿಡಬೇಡಿ. 600ಕ್ಕೆ 20 ಅಂದ್ರೆ ಪ್ರತಿ 30ನೇ ಮರ. ಸಾಲು ಹಿಡಿದು ಹೋಗಿ, 30ನೇದು ಹಸಿರಾಗಿದ್ರೂ ಅದೇ. ಚುಕ್ಕಿ ಕಂಡ ಮರದ ಕೆಳಗೇ ಎಲ್ಲರ ಕಾಲೂ ನಿಲ್ಲೋದು. ಹಾಗೆ ಆರಿಸಿದ್ರೆ ಲೆಕ್ಕದಲ್ಲಿ ಇಡೀ ಊರೇ ಒಣಗಿರುತ್ತೆ. ಆರಿಸಿದ ಮರಕ್ಕೆ ಎಣ್ಣೆಬಣ್ಣದಲ್ಲಿ ನಂಬರ್ ಹಾಕಿ, ಸುಣ್ಣದಲ್ಲಿ ಬರೆದ್ರೆ ಮಳೆಗೆ ತೊಳೆದುಹೋಗುತ್ತೆ. ಮುಂದಿನ ತಿಂಗಳೂ ಅದೇ 20. ಪ್ರತಿ ಮರಕ್ಕೆ ಎರಡು ಸಂಖ್ಯೆ: ಒಟ್ಟು ಸೋಗೆ, ಚುಕ್ಕಿ ಇರೋ ಸೋಗೆ. "9ರಲ್ಲಿ 3" ಅಂತ ಬರೀರಿ. "ಸ್ವಲ್ಪ ಇದೆ" ಅನ್ನೋದು ಮ್ಯಾಪಿಗೆ ಏರಲ್ಲ.

ದೋಟಿ: ನಮ್ಮಲ್ಲಿ ಒಂದೂ ಚುಕ್ಕಿ ಇಲ್ಲ. ಕಳಿಸೋದು ಬೇಡ್ವಲ್ಲ?

ತಜ್ಞೆ: ಕಳಿಸಿ. 0 ಕಳಿಸದ ತೋಟ ಮ್ಯಾಪಲ್ಲಿ ಖಾಲಿ ಇರುತ್ತೆ. ಖಾಲಿ ಅಂದ್ರೆ ರೋಗ ಇಲ್ಲ ಅಂತಲ್ಲ, ಯಾರೂ ನೋಡಿಲ್ಲ ಅಂತ.

ಹಾಳೆಟೋಪಿ: ಔಷಧಿ ಹೊಡೆದು 25 ದಿನ ಆಯ್ತು. ಎಣಿಸಿದ್ರೆ ಚುಕ್ಕಿ ಅಷ್ಟೇ ಇದೆ. ಔಷಧಿ ನಕಲಿನಾ?

ತಜ್ಞೆ: ಬಿದ್ದ ಚುಕ್ಕಿ ಮಾಯವಾಗಲ್ಲ. ಅಲ್ಲಿನ ಜೀವಕೋಶ ಸತ್ತಾಗಿದೆ, ಯಾವ ಔಷಧಿಯೂ ಅದನ್ನ ಹಸಿರು ಮಾಡಲ್ಲ. ಔಷಧಿ ಹೊಡೆದ ಮೇಲೆ ಸುಳಿ ಬಿಚ್ಚಿ ಬರೋ ಹೊಸ ಸೋಗೆ ನೋಡಿ. ಅಲ್ಲಿ ಚುಕ್ಕಿ ಇಲ್ಲದಿದ್ರೆ ಔಷಧಿ ಕೆಲಸ ಮಾಡಿರಬಹುದು. ಹೊಡೆದ ತಾರೀಖನ್ನ ಎಣಿಕೆ ಜೊತೆ ಬರೆಯದಿದ್ರೆ ನಮಗೂ ಇದೇ ಗೊಂದಲ.

ಬೆಟ್ಟೆ: ಬೋರ್ಡೋಗೆ ಸುಣ್ಣ ಎಷ್ಟು ಮೇಡಂ?

ತಜ್ಞೆ: ಶೇ 1ರ ಬೋರ್ಡೋ ದ್ರಾವಣಕ್ಕೆ (ಶಿಲೀಂಧ್ರ ತಡೆಯೋ ಸಿಂಪಡಣೆ) ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್. 50 ಲೀಟರಲ್ಲಿ ತುತ್ತ, 50ರಲ್ಲಿ ಸುಣ್ಣ, ಎರಡೂ ಪ್ಲಾಸ್ಟಿಕ್ ಡ್ರಮ್ಮಲ್ಲಿ. ತುತ್ತದ ನೀರನ್ನ ಸುಣ್ಣದ ನೀರಿಗೆ ಸುರೀಬೇಕು, ತಿರುಗಾಮುರುಗಾ ಅಲ್ಲ. ಕಬ್ಬಿಣದ ಕತ್ತಿ ಒಂದು ನಿಮಿಷ ಅದ್ದಿ ತೆಗೀರಿ. ಕೆಂಪು ಲೇಪ ಕೂತ್ರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಕಲಸಿದ ದಿನವೇ ಮುಗಿಸಿ. ಪ್ರೊಪಿಕೊನಜೋಲ್ ಅನ್ನೋ ಶಿಲೀಂಧ್ರನಾಶಕ ಹೊಡೆಯೋರು ಅದನ್ನ ಬೋರ್ಡೋ ಜೊತೆ ಬೆರೆಸಬೇಡಿ.

ಚಾಲಿ: ಫಾರ್ವರ್ಡ್ ಬಂದಿದೆ: "ಮರಕ್ಕೆ 2 ಕೆಜಿ ಉಪ್ಪು, ಕಾಲು ಕೆಜಿ ಅರಿಶಿನ ಬುಡಕ್ಕೆ ಹಾಕಿ, ಎಲೆಚುಕ್ಕಿ 15 ದಿನದಲ್ಲಿ ಮಾಯ. ಎಲ್ಲಾ ರೈತರಿಗೂ ತಲುಪಿಸಿ." ನಿಜನಾ?

ತಜ್ಞೆ: ಸುಳ್ಳು. ಶಿಲೀಂಧ್ರ ಇರೋದು ಮೇಲೆ ಎಲೆಯಲ್ಲಿ, ನೀವು ಉಪ್ಪು ಹಾಕ್ತಿರೋದು ಕೆಳಗೆ ಬೇರಿಗೆ. ಉಪ್ಪು ಹೆಚ್ಚಾದ ಮಣ್ಣಲ್ಲಿ ಬೇರು ನೀರು ಎಳೆಯಲ್ಲ, ಸೋಗೆ ತುದಿ ಸುಡುತ್ತೆ, ಆಮೇಲೆ ಅದೇ ಸೋಗೆಯ ಫೋಟೋ "ಹೊಸ ರೋಗ" ಅಂತ ನನಗೇ ಬರುತ್ತೆ.

ಹಿಂಗಾರ: ಮೇಡಂ, ಎಣಿಸೋವಾಗ ನಾಲ್ಕು ಮರದಲ್ಲಿ ಚುಕ್ಕಿ ಇಲ್ಲ, ಆದ್ರೆ ಕೆಳಗಿನ ಎರಡು ಮೂರು ಸೋಗೆ ತುದಿಯಿಂದ ಹಳದಿ. 8 ವರ್ಷದ ಮರಗಳು, ಬೇರೆಬೇರೆ ಸಾಲಲ್ಲಿವೆ. ಎಳೆಕಾಯಿ ಉದುರ್ತಿದೆ. ಫೋಟೋ ಹಾಕಿದೀನಿ. ಫಾರ್ಮಲ್ಲಿ ಯಾವ ಕಾಲಂ?

ತಜ್ಞೆ: ಕಾಲಂ ಬಿಡಿ, ಇದು ಎಲೆಚುಕ್ಕಿ ಅಲ್ಲ. ಎರಡನೇ ಫೋಟೋ ದೊಡ್ಡದು ಮಾಡಿ ನೋಡಿದೆ. ಗರಿಯ ತುದಿಯಿಂದ ಹಳದಿ ಇಳಿದಿದೆ, ನಡುನರದ ಅಕ್ಕಪಕ್ಕ ಹಸಿರು ಪಟ್ಟಿ ಉಳಿದಿದೆ, ಎರಡರ ನಡುವೆ ಗೆರೆ ಎಳೆದ ಹಾಗಿದೆ. ಶೃಂಗೇರಿ, ಕೊಪ್ಪ, ಸಂಪಾಜೆ ಕಡೆಯವರಿಗೆ ಇದರ ಪರಿಚಯ ಬೇಡ: ಹಳದಿ ಎಲೆ ರೋಗ ಹೀಗೇ ಶುರುವಾಗೋದು.

ಆದ್ರೂ ಫೋಟೋ ನೋಡಿ ಹೌದು ಅನ್ನಲ್ಲ. ನೀರು ನಿಂತ್ರೂ ಸೋಗೆ ಹಳದಿಯಾಗುತ್ತೆ, ಪೊಟ್ಯಾಷ್ ಕೊರತೆಯಲ್ಲೂ ಹಳೇ ಸೋಗೆಯಿಂದಲೇ ಶುರು. ನೀರಿನ ತೊಂದರೆ ಆದ್ರೆ ತಗ್ಗಿನ ಮರಗಳೆಲ್ಲ ಒಟ್ಟಿಗೆ ಹಳದಿಯಾಗ್ತವೆ. ನಿಮ್ಮಲ್ಲಿ ಅಲ್ಲೊಂದು ಇಲ್ಲೊಂದು, ನನಗೆ ಅದೇ ಚಿಂತೆ. ಬಸಿಗಾಲುವೆ ಪಕ್ಕ ಎರಡಡಿ ಗುಂಡಿ ತೋಡಿ, ಮಾರನೇ ದಿನ ನೀರು ನಿಂತಿದ್ಯಾ ನೋಡಿ. ಉದುರಿದ ಕಾಯಿ ಹತ್ತು ಸೀಳಿ: ಒಳಗಿನ ತಿರುಳು ಮೆತ್ತಗೆ, ಕಂದಾಗಿ, ಸ್ಪಂಜಿನ ಹಾಗಿದ್ಯಾ? ಮರದ ತಲೆಯಲ್ಲಿ ಹೊಸ ಸೋಗೆ ಗಿಡ್ಡ ಆಗ್ತಿದ್ಯಾ, ಗಣ್ಣು ಹತ್ತಿರ ಆಗ್ತಿದ್ಯಾ? ಬೇರಿನ ತುದಿ ಕಪ್ಪಾಗಿರೋದನ್ನ ಮಾತ್ರ ನಂಬಬೇಡಿ, ನೀರು ನಿಂತಲ್ಲೂ ಅದು ಇರುತ್ತೆ.

ಹಳದಿ ಎಲೆ ರೋಗಕ್ಕೆ ಕಾರಣ ಫೈಟೋಪ್ಲಾಸ್ಮಾ, ಬ್ಯಾಕ್ಟೀರಿಯಾ ಜಾತಿಯ ಒಂದು ಸೂಕ್ಷ್ಮಜೀವಿ. ಮರದ ಆಹಾರ ಸಾಗೋ ನಾಳದೊಳಗೆ ಇರುತ್ತೆ, ಜಿಗಿಹುಳು ಅಲ್ಲಿಂದ ರಸ ಹೀರಿ ಬೇರೆ ಮರಕ್ಕೆ ಒಯ್ಯುತ್ತೆ. ಎಲೆಚುಕ್ಕಿ ಹಾಗೆ ಮಳೆಹನಿಯಲ್ಲಿ ಸಿಡಿದು ಹರಡೋದಲ್ಲ. ಹಾಗಾಗಿ ಬೋರ್ಡೋ ಹೊಡೆದು ಪ್ರಯೋಜನವಿಲ್ಲ. ಪಿಸಿಆರ್ ಪರೀಕ್ಷೆ (ರೋಗಾಣುವಿನ ಡಿಎನ್ಎ ಹುಡುಕೋದು) ಆಗ್ಬೇಕು, ಅದಕ್ಕೆ ಸುಳಿಯ ಎಳೆ ಗರಿ ಬೇಕು; ನಾವೇ ಬಂದು ತೆಗೀತೀವಿ. ಅಲ್ಲಿವರೆಗೆ ಮರ ಕಡೀಬೇಡಿ. ಆ ತೋಟದ ಗೋಟು (ಬೀಜದಡಿಕೆ) ಸಸಿಗೆ ಹಾಕ್ಬೇಡಿ, ಯಾರಿಗೂ ಕೊಡಬೇಡಿ. ಈ ಮರಗಳ ಸಸಿ ಎಲ್ಲಿಂದ ತಂದದ್ದು?

ಚಾಲಿ: ಪೆನ್ಸಿಲಿನ್ ಇಂಜೆಕ್ಷನ್ ಕಾಂಡಕ್ಕೆ ಕೊಟ್ರೆ ಹಳದಿ ರೋಗ ವಾಸಿ ಅಂತ ವೀಡಿಯೋ ಇದೆ.

ತಜ್ಞೆ: ಪೆನ್ಸಿಲಿನ್ ಕೆಲಸ ಮಾಡೋದು ಬ್ಯಾಕ್ಟೀರಿಯಾದ ಕೋಶಭಿತ್ತಿ ಮೇಲೆ. ಫೈಟೋಪ್ಲಾಸ್ಮಾಕ್ಕೆ ಕೋಶಭಿತ್ತಿಯೇ ಇಲ್ಲ. ಕಾಂಡಕ್ಕೆ ತೂತು ಬೀಳುತ್ತೆ, ಅಷ್ಟೇ. ಫಾರ್ವರ್ಡ್ ಬೇಡ ಅಂತ ಮೇಲೆ ಬರೆದಿದೆ.

ಗೊರಬು: ಮೇಡಂ ಚುಕ್ಕಿ ಬಂದ ಎಲೆ ಕಳಿಸೋದು ಹೇಗೆ? ಪ್ಲಾಸ್ಟಿಕಲ್ಲಿ ಕಳಿಸಿದ್ದೆ.

ತಜ್ಞೆ: ಬಂತು, ಬೂಸ್ಟು ಹಿಡಿದು. ಪೇಪರಲ್ಲಿ ಸುತ್ತಿ, ಒದ್ದೆ ಇರಬಾರದು. ಚುಕ್ಕಿ ಮತ್ತು ಪಕ್ಕದ ಹಸಿರು ಎರಡೂ ಇರೋ ತುಂಡು ಬೇಕು, ಪೂರ್ತಿ ಒಣಗಿದ್ದು ಬೇಡ.

ಬೆಟ್ಟೆ: ಎಲೆಚುಕ್ಕಿಗೆ ಪರಿಹಾರದ ದುಡ್ಡು ಯಾವಾಗ ಬರುತ್ತೆ?

ರಾಶಿಇಡಿ: ಹಿಂಗಾರ ಅವರೇ, ಯಾವ ಊರು? ಮ್ಯಾಪಲ್ಲಿ ಸರ್ವೆ ನಂಬರ್ ಸಮೇತ ಹಾಕ್ಬೇಕು. ಪಕ್ಕದವರಿಗೆ ಗೊತ್ತಾಗ್ಬೇಡ್ವಾ?

ಚಾಲಿ: ಹಾಕಿದ್ರೆ ನಾಳೆ ಆ ತೋಟ ಯಾರು ಕೊಳ್ತಾರೆ? ಪರೀಕ್ಷೆನೂ ಆಗಿಲ್ಲ.

ರಾಶಿಇಡಿ: ಮುಚ್ಚಿಟ್ಟೇ ಇಷ್ಟು ಹರಡಿದ್ದು. ಸಸಿ ಮಾರೋರಿಗೆ ಇದೇ ಅನುಕೂಲ.

ಚಾಲಿ: ಯಾರಿಗೆ ಹೇಳ್ತಿದೀರಿ ನೇರ ಹೇಳಿ. ನಾನು ಸಸಿ ಮಾಡ್ತೀನಿ ಅಂತ ಇಲ್ಲಿ ಎಲ್ಲರಿಗೂ ಗೊತ್ತು.

ರಾಶಿಇಡಿ: ಉಪ್ಪು ಅರಿಶಿನ ಹಂಚೋರ ಹತ್ರ ಸಸಿ ಯಾರು ತಗೋತಾರೆ ಬಿಡಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ತಜ್ಞೆ: ಮ್ಯಾಪಲ್ಲಿ ಗ್ರಾಮದ ಹೆಸರು ಮಾತ್ರ, ಸರ್ವೆ ನಂಬರ್ ಇಲ್ಲ. ಹೆಸರು ಬಯಲಾಗುತ್ತೆ ಅಂತಾದ್ರೆ ರೋಗ ಬಂದ ತೋಟದಿಂದಲೇ ಮಾಹಿತಿ ನಿಲ್ಲುತ್ತೆ, ನಮಗೆ ಬೇಕಾದ್ದೂ ಆ ತೋಟಗಳೇ. ಪಕ್ಕದ ತೋಟ ನೋಡೋದು ನಮ್ಮ ಕೆಲಸ.

ದೋಟಿ: ಎಷ್ಟು ಮರ ಎಣಿಸ್ಬೇಕು ಅಂದ್ರಿ?

ತಜ್ಞೆ: ಮೇಲಿದೆ.

ಸೋಗೆ: ಎತ್ತರದ ಮರದ ಸೋಗೆ ಕಾಣಲ್ಲ. ಹತ್ತಬೇಕಾ?

ತಜ್ಞೆ: ಫೋನಿನ ಝೂಮಲ್ಲಿ, ಬೆಳಗ್ಗೆ, ಸೂರ್ಯ ಬೆನ್ನಿಗಿರೋ ಹಾಗೆ ನಿಂತು. ಕಾಣದಿದ್ರೆ "ಕಾಣಲಿಲ್ಲ" ಅಂತ ಬರೀರಿ, 0 ಅಂತ ಬರೀಬೇಡಿ.

ಹಿಂಗಾರ: ಮೇಡಂ, ಕಾಯಿ ಸೀಳಿದೆ. ಹತ್ತರಲ್ಲಿ ಆರು ಮೆತ್ತಗೆ, ಕಂದು. ಗುಂಡಿ ನಾಳೆ ನೋಡ್ತೀನಿ. ಸಸಿ ಎಲ್ಲಿಂದ ಅನ್ನೋದನ್ನ ಇಲ್ಲಿ ಬರೆಯಲ್ಲ.

ತಜ್ಞೆ: ಇಲ್ಲಿ ಬೇಡ, ನನಗೆ ನೇರ ಕಳಿಸಿ. ತಂದ ವರ್ಷವೂ ಬೇಕು. ಅದೇ ಕಂತಿನ ಸಸಿ ಇನ್ಯಾರು ತಂದಿದ್ರು ಅಂತ ನೆನಪಿದ್ರೆ ಅದೂ. ಮರ ಕಡಿದಿಲ್ಲ ತಾನೆ?

ಹಿಂಗಾರ: ಇಲ್ಲ ಮೇಡಂ.

ಬೆಟ್ಟೆ: ಬೋರ್ಡೋಗೆ ಸುಣ್ಣ ಎಷ್ಟು ಅಂತ ಮತ್ತೊಮ್ಮೆ ಹೇಳ್ತೀರಾ?