‘ಗಂಡಸರೆಲ್ಲ ಹೀಗೇ’ ಅಂದಾಗ ಕುಗ್ಗುತ್ತೇನೆ: ಓದುಗರ ಸ್ಪಂದನ

ಕಳೆದ ಸಂಚಿಕೆಯ ಸಮಸ್ಯೆ: ಸಾಗರದ ಕಡೆಯವನು, ವಯಸ್ಸು 27. ಮೊಬೈಲ್ ತೆರೆದರೆ ಗಂಡಸರ ದಬ್ಬಾಳಿಕೆಯದ್ದೇ ಮಾತು. ಏನೂ ಮಾಡದ ನನಗೂ ತಪ್ಪಿತಸ್ಥನಂತೆ ಅನಿಸುತ್ತದೆ. ಮನೆಯಲ್ಲಿ ಹೇಳಿಕೊಂಡರೆ ‘ಗಂಡಸಾಗಿ ಇಷ್ಟಕ್ಕೆಲ್ಲ ಕೊರಗ್ತೀಯಾ’ ಅಂತಾರೆ. ಏನು ಮಾಡಲಿ?

ತಮ್ಮಾ, ಮೊಬೈಲಿನ ಮಾತಿಗಿಂತ ಮನೆಯವರ ಮಾತು ಓದಿ ನನಗೆ ಜಾಸ್ತಿ ಸಂಕಟವಾಯಿತು. ಗಂಡಿಗೆ ಯಜಮಾನಿಕೆ ಕೊಟ್ಟ ವ್ಯವಸ್ಥೆಯೇ ಅವನ ಬಾಯಿಗೂ ಬೀಗ ಹಾಕಿದೆ. ಅಡಿಕೆಗೆ ಕೊಳೆ ಬಂದ ವರ್ಷ ನಮ್ಮ ಭಾವ ಸಾಲದ ನೋಟಿಸನ್ನು ಹಾಸಿಗೆ ಕೆಳಗೆ ಬಚ್ಚಿಟ್ಟಿದ್ದರು. ಹಾಸಿಗೆ ಬಿಸಿಲಿಗೆ ಹಾಕುವಾಗ ಅಕ್ಕನ ಕೈಗೆ ಸಿಕ್ಕಿತು. ‘ನಿಂಗ್ಯಾಕೆ ಹೇಳಿ ಗಾಬರಿ ಮಾಡ್ಲಿ ಅಂದ್ಕೊಂಡೆ’ ಅಂದರಂತೆ. ತೋಟದಲ್ಲಿ ಸರಿಸಮ ದುಡಿದವಳಿಗೆ ಸಾಲದ ಲೆಕ್ಕ ಗೊತ್ತಿಲ್ಲ, ಅವರಿಗೆ ರಾತ್ರಿ ನಿದ್ದೆ ಇಲ್ಲ. ಯಾರಿಗೆ ಸುಖವಾಯಿತು ಹೇಳು? 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರು ಸುಮಾರು 1.7 ಲಕ್ಷ ಜನ. ಅವರಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಗಂಡಸರು. ಇದು ಸರ್ಕಾರದ್ದೇ ಲೆಕ್ಕ. ಈ ವ್ಯವಸ್ಥೆ ಬದಲಾಗಲಿ ಅನ್ನುವವರು ನಿನ್ನ ವೈರಿಗಳಲ್ಲ, ತಮ್ಮಾ.
– ಅಡಿಕೆ ಬೆಳೆಗಾರ್ತಿ, ತೀರ್ಥಹಳ್ಳಿ

ನಿಮಗೆ ನೋವಾಗಿದ್ದು ಸಹಜ. ಕಾಲೇಜಿನಲ್ಲಿ ನಾನೂ ನೋಡುತ್ತೇನೆ. ‘ಗಂಡಸರೆಲ್ಲ’ ಎಂದು ಮಾತು ಶುರುವಾದರೆ ಹುಡುಗರು ಕಿಟಕಿ ಕಡೆ ತಿರುಗಿಬಿಡುತ್ತಾರೆ. ಆಮೇಲೆ ಹೆಂಗಸರನ್ನು ಬೈಯುವ ವಿಡಿಯೊಗಳೇ ಅವರಿಗೆ ಸಮಾಧಾನ ಕೊಡುತ್ತವೆ. ನೀವು ಆ ಕಡೆ ಹೋಗಬೇಡಿ. ಹಾಗಂತ ಊರಿನ ಗಂಡಸರ ಪಾಪವನ್ನೆಲ್ಲ ತಲೆ ಮೇಲೆ ಹೊತ್ತುಕೊಳ್ಳಲೂ ಬೇಡಿ. ನಿಮ್ಮ ಕೈಯಲ್ಲಾಗುವುದನ್ನು ನೋಡಿ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಎಂಬ ಕಾನೂನು ನಮ್ಮ ರಾಜ್ಯದಲ್ಲಿ 1994ರಲ್ಲೇ ಬಂತು, ಇಡೀ ದೇಶಕ್ಕೆ 2005ರಲ್ಲಿ. ಆದರೂ ‘ತವರು ಬೇಕಲ್ವಾ’ ಎಂದು ಎಷ್ಟೋ ಅಕ್ಕತಂಗಿಯರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಾರೆ. ನಿಮಗೆ ಅಕ್ಕತಂಗಿಯರಿದ್ದರೆ ಮನೆಯಲ್ಲಿ ಆ ಮಾತು ನೀವೇ ಎತ್ತಿ. ಅಷ್ಟು ಮಾಡಿದ ಮೇಲೆ ರೀಲ್ಸ್‌ನಲ್ಲಿ ಯಾರೋ ಬೈದರೆ ಅದು ನನಗಲ್ಲ ಅಂತ ನಿಮಗೇ ಧೈರ್ಯವಾಗಿ ಅನಿಸುತ್ತದೆ.
– ಉಪನ್ಯಾಸಕ, ಶಿವಮೊಗ್ಗ

ನಿದ್ದೆ ಕೆಡುತ್ತಿದೆಯಾ, ಊಟ ಸೇರುತ್ತಿಲ್ಲವಾ? ಹಾಗಿದ್ದರೆ ತಡ ಮಾಡಬೇಡಿ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ರಾತ್ರಿ ಹೊತ್ತೂ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.
– ನರ್ಸ್, ಹೊಸನಗರ