ಬೆಂಪ್ಟನ್ ಕ್ಲಿಫ್ಸ್: ಆಗಸ್ಟ್‌ನಲ್ಲಿ ಹೋದರೆ ಪಫಿನ್ ಸಿಗುತ್ತದೆಯೇ?

ಪ್ರಶ್ನೆ:
ಇಂಗ್ಲೆಂಡಿನ ಯಾರ್ಕ್‌ಷೈರ್ ಕರಾವಳಿಯ ಬೆಂಪ್ಟನ್ ಕ್ಲಿಫ್ಸ್ ಪಕ್ಷಿಧಾಮಕ್ಕೆ ಆಗಸ್ಟ್ ಎರಡನೆಯ ವಾರದಲ್ಲಿ ಒಂದು ದಿನದ ಮಟ್ಟಿಗೆ ಹೋಗಬೇಕೆಂದಿದ್ದೇವೆ. ಮಗಳಿಗೆ ಪಫಿನ್ ಎಂಬ ಕಡಲಹಕ್ಕಿಯನ್ನು ನೋಡಲೇಬೇಕೆಂಬ ಹಟ. ಆ ಹೊತ್ತಿಗೆ ಅದು ಕಾಣಸಿಗುತ್ತದೆಯೇ? ದುರ್ಬೀನು ಅಗತ್ಯವೇ?

ಉತ್ತರ 1:
ಆಗಸ್ಟ್‌ನಲ್ಲಿ ಪಫಿನ್‌ನ ಆಸೆ ಬಿಡುವುದೇ ಒಳ್ಳೆಯದು. ಏಪ್ರಿಲ್‌ನಲ್ಲಿ ಬರುವ ಅವು ಮರಿಗಳನ್ನು ಬೆಳೆಸಿ ಜುಲೈ ಮುಗಿಯುವಷ್ಟರಲ್ಲಿ ಸಮುದ್ರಕ್ಕೆ ಮರಳಿರುತ್ತವೆ. ಬೇರೆ ಕಡೆಗಳಲ್ಲಿ ನೆಲದಲ್ಲಿ ಬಿಲ ತೋಡುವ ಈ ಹಕ್ಕಿ, ಇಲ್ಲಿ ಸುಮಾರು 100 ಮೀಟರ್ ಎತ್ತರದ ಸುಣ್ಣಕಲ್ಲಿನ ಕಡಿದಾದ ಬಂಡೆಗಳ ಬಿರುಕುಗಳಲ್ಲಿ ಗೂಡು ಮಾಡುವುದರಿಂದ, ಸರಿಯಾದ ಕಾಲದಲ್ಲಿ ಹೋದರೂ ಹುಡುಕಿಯೇ ನೋಡಬೇಕಾಗುತ್ತದೆ. ಆದ್ದರಿಂದ ದುರ್ಬೀನು ಬೇಕೇ ಬೇಕು. ಗ್ಯಾನೆಟ್ ಎಂಬ ದೊಡ್ಡ ಕಡಲಹಕ್ಕಿಗಳಾದರೋ ಆಗಸ್ಟ್‌ನಲ್ಲೂ ಧಾರಾಳವಾಗಿರುತ್ತವೆ. ಹೆಚ್ಚುಕಡಿಮೆ ಎರಡು ಮೀಟರ್ ಅಗಲದ ರೆಕ್ಕೆಗಳನ್ನು ಹರಡಿಕೊಂಡು, ಬಂಡೆಯಂಚಿನಲ್ಲಿ ನಿಂತವರ ಕಣ್ಣಿನ ಮಟ್ಟದಲ್ಲೇ ಅವು ತೇಲಿ ಹೋಗುತ್ತವೆ.

ಉತ್ತರ 2:
ದಿನಾಂಕ ಬದಲಿಸಲು ಸಾಧ್ಯವಿದ್ದರೆ ಜೂನ್ ಕೊನೆಯ ವಾರವನ್ನು ಆರಿಸಿಕೊಳ್ಳಿ. ಪಫಿನ್ ಒಂದು ನೆಪ ಮಾತ್ರ. ನನ್ನ ಮಟ್ಟಿಗೆ ಅಲ್ಲಿಯ ನಿಜವಾದ ಸೋಜಿಗ ಗಿಲಿಮಾಟ್. ಗೂಡೆಂಬುದನ್ನೇ ಕಟ್ಟದೆ ಬರಿಯ ಕಲ್ಲಿನ ಮೇಲೆ ಒಂದೇ ಮೊಟ್ಟೆಯಿಡುವ ಈ ಹಕ್ಕಿಯ ಮರಿ, ಇನ್ನೂ ಸರಿಯಾಗಿ ಹಾರಲು ಬಾರದ ಮೂರು ವಾರದ ವಯಸ್ಸಿನಲ್ಲೇ, ಕೆಳಗೆ ನೀರಿನಲ್ಲಿರುವ ತಂದೆಯ ಕರೆಗೆ ಓಗೊಟ್ಟು ಬಂಡೆಯಿಂದ ಜಿಗಿದುಬಿಡುತ್ತದೆ. ಇದು ಹೆಚ್ಚಾಗಿ ನಡೆಯುವುದು ಸಂಜೆಗತ್ತಲಿನಲ್ಲಿ. ಒಂದು ಎಚ್ಚರಿಕೆ: ಹಿಕ್ಕೆಯ ವಾಸನೆ ಮೂಗಿಗೆ ಬಡಿಯುತ್ತದೆ, ಮಗಳಿಗೆ ಮೊದಲೇ ಹೇಳಿಡಿ.

ಉತ್ತರ 3:
ಆ ಮೊಟ್ಟೆಗಳಿಗೊಂದು ಇತಿಹಾಸವೂ ಇದೆ. ಹಗ್ಗ ಕಟ್ಟಿಕೊಂಡು ಬಂಡೆಯಿಳಿದು ಮೊಟ್ಟೆ ಸಂಗ್ರಹಿಸುವುದು ಇಲ್ಲಿ ತಲೆಮಾರುಗಳ ಕಸುಬಾಗಿತ್ತು. 1954ರ ಪಕ್ಷಿ ಸಂರಕ್ಷಣಾ ಕಾಯ್ದೆ ಅದನ್ನು ಕೊನೆಗೊಳಿಸಿತು. ಅದಕ್ಕೂ ಮೊದಲು, ದೋಣಿಗಳಲ್ಲಿ ಬಂದು ಮೋಜಿಗಾಗಿ ಹಕ್ಕಿಗಳನ್ನು ಗುಂಡಿಕ್ಕಿ ಕೊಲ್ಲುವವರ ಹಾವಳಿ ಎಷ್ಟಿತ್ತೆಂದರೆ, ಗೂಡು ಕಟ್ಟುವ ತಿಂಗಳುಗಳಲ್ಲಿ ಕಡಲಹಕ್ಕಿಗಳನ್ನು ರಕ್ಷಿಸಲು 1869ರಲ್ಲಿ ಬ್ರಿಟನ್ನಿನ ಸಂಸತ್ತು ಕಾನೂನನ್ನೇ ತರಬೇಕಾಯಿತು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ರಜೆಯನ್ನು ಜೂನ್ ಕೊನೆಗೆ ಹೊಂದಿಸಿಕೊಳ್ಳುತ್ತೇವೆ. ಮರಿ ಜಿಗಿಯುವ ಸಂಗತಿಯನ್ನು ಕೇಳಿದ ಮೇಲೆ ಮಗಳು ಪಫಿನ್‌ನ ಮಾತನ್ನೇ ಎತ್ತುತ್ತಿಲ್ಲ.