ದೇವಯ್ಯನವರ ಮಿಸ್ಟೇರ್ ಯುದ್ಧವಿಮಾನ ನಷ್ಟದ ಪಟ್ಟಿಯಲ್ಲಿ ಯಾವ ಸಾಲಿಗೆ ಸೇರುತ್ತದೆ?

ಪ್ರಶ್ನೆ (ಮಡಿಕೇರಿ):
ನನ್ನ ಮಗಳು ಶಾಲೆಗಾಗಿ 1965ರ ಯುದ್ಧದ ಕುರಿತು ಪ್ರಬಂಧ ಬರೆಯುತ್ತಿದ್ದಾಳೆ. ಆ ಯುದ್ಧದಲ್ಲಿ ತಾನು ಕಳೆದುಕೊಂಡದ್ದು 19 ವಿಮಾನಗಳೆಂದು ಪಾಕಿಸ್ತಾನ ಹೇಳಿದರೆ, ಭಾರತ ಹೇಳುವ ಸಂಖ್ಯೆ ಅದರ ಎರಡರಷ್ಟಕ್ಕಿಂತಲೂ ಹೆಚ್ಚು. ಉರುಳಿದ ವಿಮಾನದ ಅವಶೇಷ ಕಣ್ಣೆದುರು ಬಿದ್ದಿರುವಾಗ ಲೆಕ್ಕದಲ್ಲಿ ಇಷ್ಟು ಅಂತರ ಹೇಗೆ ಸಾಧ್ಯ? ನಮ್ಮ ಊರಿನ ವೃತ್ತಕ್ಕೆ ಹೆಸರಾಗಿರುವ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರಿಗೆ ಮಹಾವೀರ ಚಕ್ರ ಸಿಗಲು 23 ವರ್ಷ ಹಿಡಿದದ್ದೇಕೆ ಎಂದೂ ಅವಳು ಕೇಳುತ್ತಿದ್ದಾಳೆ.

ಉತ್ತರ (ವಿರಾಜಪೇಟೆ):
ನಾನು ವಾಯುಪಡೆಯಲ್ಲಿ ವಿಮಾನಗಳ ನಿರ್ವಹಣೆಯ ಕೆಲಸ ಮಾಡಿ ನಿವೃತ್ತನಾದವನು. ಅವಶೇಷ ಬಹುಮಟ್ಟಿಗೆ ಶತ್ರುವಿನ ನೆಲದಲ್ಲೇ ಬೀಳುತ್ತದೆ. ಎದುರಾಳಿಯ ವಿಮಾನದಿಂದ ಹೊಗೆ ಎದ್ದುದನ್ನು ಕೆಲವೇ ಕ್ಷಣ ಕಂಡ ಪೈಲಟ್ ಅದು ಉರುಳಿತೆಂದು ಪ್ರಾಮಾಣಿಕವಾಗಿಯೇ ವರದಿ ಮಾಡುತ್ತಾನೆ, ಆದರೆ ಆ ವಿಮಾನ ಕುಂಟುತ್ತಾ ತನ್ನ ನೆಲೆ ತಲುಪಿರಬಹುದು. ಒಂದೇ ವಿಮಾನಕ್ಕೆ ಇಬ್ಬರು ಗುಂಡು ಹಾರಿಸಿದರೆ ಅದು ಎರಡಾಗುತ್ತದೆ. ನಷ್ಟವೆಲ್ಲ ಆಕಾಶದಲ್ಲೇ ಆಗುವುದೂ ಇಲ್ಲ. ಸೆಪ್ಟೆಂಬರ್ 6ರ ಸಂಜೆ ಪಠಾಣ್‌ಕೋಟ್ ನೆಲೆಯ ಮೇಲೆ ಪಾಕಿಸ್ತಾನದ ಸೇಬರ್ ಯುದ್ಧವಿಮಾನಗಳು ಎರಗಿದಾಗ, ಹೊಸದಾಗಿ ಬಂದಿದ್ದ ಮಿಗ್-21ಗಳೂ ಸೇರಿ ಹತ್ತರಷ್ಟು ವಿಮಾನಗಳು ನಿಂತಲ್ಲೇ ಸುಟ್ಟವು. ಅದೇ ತಿಂಗಳ ಮೊದಲ ವಾರ ನಮ್ಮ ನ್ಯಾಟ್ ಯುದ್ಧವಿಮಾನ ಒಂದು ಪಾಕಿಸ್ತಾನದ ಪಸ್ರೂರಿನಲ್ಲಿ ಇಳಿದು ಅವರ ವಶವಾಯಿತು. ಒಡೆದುಹೋಗದಿದ್ದರೂ ಅದು ನಮಗೆ ನಷ್ಟವೇ.

ಉತ್ತರ (ನಾಪೋಕ್ಲು):
ದೇವಯ್ಯನವರ ವಿಷಯವನ್ನು ಮಗಳಿಗೆ ವಿವರವಾಗಿ ಹೇಳಿ. ಸೆಪ್ಟೆಂಬರ್ 7ರ ಮುಂಜಾನೆ ಪಂಜಾಬಿನ ಆದಂಪುರದಿಂದ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟ 1ನೇ ಸ್ಕ್ವಾಡ್ರನ್‌ನ ಮಿಸ್ಟೇರ್ ಪಡೆಯಲ್ಲಿ ಅವರು ಮೀಸಲು ಪೈಲಟ್ ಆಗಿದ್ದು, ತಂಡದಲ್ಲಿ ಜಾಗ ತೆರವಾದಾಗ ಸೇರಿಕೊಂಡವರು. ಸರ್ಗೋಧಾ ಮಿಸ್ಟೇರ್‌ನ ವ್ಯಾಪ್ತಿಯ ಅಂಚಿನಲ್ಲಿತ್ತು. ದಾರಿಯಲ್ಲಿ ನಿಂತು ಕಾದಾಡಿದವನಿಗೆ ಮರಳಲು ಇಂಧನ ಉಳಿಯುವಂತಿರಲಿಲ್ಲ. ಶಬ್ದದ ಎರಡರಷ್ಟು ವೇಗದ ಎಫ್-104 ಸ್ಟಾರ್‌ಫೈಟರ್ ಬೆನ್ನಟ್ಟಿ ಬಂದಾಗ, ತಮ್ಮ ವಿಮಾನಕ್ಕೆ ಪೆಟ್ಟು ಬಿದ್ದಿದ್ದರೂ ಅವರು ತಿರುಗಿ ಹೋರಾಡಿ ಅದನ್ನು ಉರುಳಿಸಿದರು. ಆ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು, ದೇವಯ್ಯನವರು ಮರಳಲಿಲ್ಲ. ಜೊತೆಗಾರರು ಯಾರೂ ಈ ಕಾಳಗವನ್ನು ನೋಡಿರಲಿಲ್ಲವಾದ್ದರಿಂದ ನಮ್ಮ ದಾಖಲೆಯಲ್ಲಿ ಅವರು ಕೇವಲ ‘ಕಾಣೆಯಾದವರು’. 1979ರಲ್ಲಿ ಪಾಕಿಸ್ತಾನದ ಪರವಾಗಿ ಬರೆದ ಬ್ರಿಟಿಷ್ ಲೇಖಕರೊಬ್ಬರ ಪುಸ್ತಕದಲ್ಲಿ ಆ ಸ್ಟಾರ್‌ಫೈಟರ್ ಕಳೆದುಹೋದ ಬಗೆ ಹೊರಬಿತ್ತು. ಅದರ ಎಳೆ ಹಿಡಿದು ವಿಚಾರಿಸಿದ ಮೇಲೆ 1988ರಲ್ಲಿ ಮರಣೋತ್ತರ ಪುರಸ್ಕಾರ ಬಂತು. ಅಷ್ಟು ವರ್ಷ ಆ ಮಿಸ್ಟೇರ್ ನಮ್ಮ ನಷ್ಟದ ಅಂಕಿ ಮಾತ್ರವಾಗಿತ್ತು ಎಂಬುದು ನನಗೆ ಇಂದಿಗೂ ನೋವಿನ ವಿಷಯ.

ಉತ್ತರ (ಗೋಣಿಕೊಪ್ಪ):
ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ ಕೆ. ಸಿ. ಕಾರ್ಯಪ್ಪನವರ ಹಂಟರ್ ವಿಮಾನವನ್ನೂ ಸೇರಿಸಿಕೊಳ್ಳಿ. ಕದನವಿರಾಮಕ್ಕೆ ಸ್ವಲ್ಪ ಮೊದಲು, ಸೆಪ್ಟೆಂಬರ್ 22ರಂದು, ನೆಲದಿಂದ ಹಾರಿಸಿದ ಗುಂಡಿಗೆ ಸಿಕ್ಕಿದ ಆ ವಿಮಾನದಿಂದ ಅವರು ಹೊರಜಿಗಿದು ಯುದ್ಧಕೈದಿಯಾದರು. ಮಗನಿಗೆ ವಿಶೇಷ ಸೌಲಭ್ಯ ಬೇಡವೆಂದು ತಂದೆ ನಿರಾಕರಿಸಿದ್ದು ಕೊಡಗಿನಲ್ಲಿ ಎಲ್ಲರಿಗೂ ಗೊತ್ತಿದೆ.

ಪ್ರಶ್ನೆ ಕೇಳಿದವರು:
ಹಿರಿಯರಿಗೆ ವಂದನೆಗಳು. ಒಟ್ಟು ಮೊತ್ತವೊಂದನ್ನೇ ಬರೆಯದೆ, ಕಾಳಗದಲ್ಲಿ, ನೆಲದ ಗುಂಡಿಗೆ, ನೆಲೆಯಲ್ಲಿ ನಿಂತಿದ್ದಾಗ ಎಂದು ಬೇರೆಬೇರೆಯಾಗಿ ಬರೆಯಲು ಮಗಳಿಗೆ ಹೇಳಿದ್ದೇನೆ. ದೇವಯ್ಯನವರ ವಿಮಾನದ ಎದುರು ಅವರು ಉರುಳಿಸಿದ ವಿಮಾನದ ಹೆಸರನ್ನೂ ಬರೆಯುತ್ತೇನೆ ಎಂದಿದ್ದಾಳೆ.